ಟೈಮ್ ಮುಗಿದುಹೋಯ್ತಾ? ವೇಳಚೇರಿಯಿಂದ ಒಂದು ಉತ್ತರ



ಇವತ್ತಿನ ಮಾತನ್ನ ಒಂದು ಫ್ಲೈಓವರ್‌ನಿಂದ ಶುರು ಮಾಡ್ತೀನಿ. ನಾನಿರೋದು ಚೆನ್ನೈನ ವೇಳಚೇರಿಯಲ್ಲಿ. 2024ರ ಅಕ್ಟೋಬರ್ ಮಧ್ಯದಲ್ಲಿ ಭಾರಿ ಮಳೆ ಬರುತ್ತೆ ಅಂತ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಮಳೆ ಜೋರಾಗೋಕೆ ಮುಂಚೆಯೇ ನಮ್ಮ ಏರಿಯಾದವರು ತಂತಮ್ಮ ಕಾರುಗಳನ್ನ ತಂದು ಫ್ಲೈಓವರ್ ಮೇಲೆ ಎರಡೂ ಬದಿಗೆ ಸಾಲಾಗಿ ನಿಲ್ಲಿಸಿಬಿಟ್ಟರು. ಆ ಫೋಟೋ ದೇಶವೆಲ್ಲಾ ಓಡಾಡಿತು, ನೀವೂ ನೋಡಿರ್ತೀರಿ. ಬಹಳ ಜನ ನಕ್ಕರು. 2015ರಲ್ಲಿ, 2023ರಲ್ಲಿ ಕಾರು ಮುಳುಗಿಸಿಕೊಂಡವರಿಗೆ ಅದು ನಗುವ ವಿಷಯ ಆಗಿರಲಿಲ್ಲ.

ಅವತ್ತು ರಾತ್ರಿ ದಾವಣಗೆರೆಯಿಂದ ಅಕ್ಕನ ಮಗಳು ಫೋನ್ ಮಾಡಿದಳು. ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದ್ತಿದ್ದಾಳೆ. ನೀರಾವರಿ, ಕೆರೆ, ಚರಂಡಿ ಇಂಥದ್ದರಲ್ಲೇ ಮುಂದೆ ಓದಬೇಕು ಅಂತಿದ್ದವಳು. "ಮಾವ, ನಾನು ಅದನ್ನ ಬಿಟ್ಟು ಸಾಫ್ಟ್‌ವೇರ್‌ಗೆ ಹೋಗ್ತೀನಿ. ಹವಾಮಾನ ಹಿಂಗಾದ್ಮೇಲೆ ಇನ್ನು ಕೆರೆ ಕಟ್ಟಿ ಏನು ಉಪಯೋಗ? ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂಗಲ್ವಾ?" ಅಂದಳು.

ನಾನು ಏನೋ ಹಾರಿಕೆ ಉತ್ತರ ಕೊಟ್ಟೆ. "ಹಾಗೆಲ್ಲಾ ಅನ್ಕೋಬಾರದು ಪುಟ್ಟಾ, ಎಲ್ಲಾ ಸರಿಹೋಗುತ್ತೆ" ಅಂದೆ. ಫೋನ್ ಇಟ್ಟ ಮೇಲೆ ನನಗೇ ನಾಚಿಕೆ ಆಯ್ತು. ಎಲ್ಲಾ ಸರಿಹೋಗಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಹಾಗಾದ್ರೆ ನಿಜವಾದ ಉತ್ತರ ಏನು? ಇವತ್ತು ಅದನ್ನೇ ಮಾತಾಡೋಣ.

ಯಾವುದಕ್ಕೆ ತಡ?

ಮೊದಲು ಪ್ರಶ್ನೆಯನ್ನೇ ಸ್ವಲ್ಪ ಬಿಡಿಸಿ ನೋಡಬೇಕು. "ತಡ ಆಯ್ತು" ಅನ್ನೋ ಮಾತಲ್ಲಿ ಎರಡು ಥರ ಇದೆ. ಒಂದು, ಕೊನೇ ಬಸ್ಸು ಹೋಗಿಬಿಟ್ಟಿದೆ ಅನ್ನೋ ತಡ. ಬಸ್ಸು ಸಿಕ್ಕಿತು, ಇಲ್ಲಾ ತಪ್ಪಿತು, ನಡುವೆ ಏನೂ ಇಲ್ಲ. ಇನ್ನೊಂದು, ಸಕ್ಕರೆ ಕಾಯಿಲೆಯವರ ತಡ. ಹತ್ತು ವರ್ಷ ಗಮನ ಕೊಡದೆ ಇದ್ದು ಆಮೇಲೆ ಡಾಕ್ಟರ ಹತ್ತಿರ ಹೋದರೆ, ಆಗಿರುವ ಹಾನಿ ಪೂರ್ತಿ ವಾಪಸ್ ಬರಲ್ಲ. ಆದರೆ ಅವತ್ತಿನಿಂದ ಪಥ್ಯ ಮಾಡಿದರೆ ಕಣ್ಣು ಉಳಿಯಬಹುದು, ಕಾಲು ಉಳಿಯಬಹುದು. "ಹೇಗೂ ತಡ ಆಯ್ತು, ಇನ್ನೊಂದೆರಡು ಜಾಮೂನು ಹಾಕಿ" ಅಂತ ಯಾರೂ ಅನ್ನಲ್ಲ, ಅಲ್ವಾ?

ಹವಾಮಾನದ ವಿಷಯ ಈ ಎರಡನೇ ಥರದ್ದು. ಯಾಕೆ ಅಂತ ಹೇಳೋಕೆ ಸ್ವಲ್ಪ ವಿಜ್ಞಾನ ಬೇಕು, ಕಷ್ಟದ್ದೇನಲ್ಲ.

ವಾತಾವರಣವನ್ನ ಒಂದು ದೊಡ್ಡ ಕೆರೆ ಅಂದುಕೊಳ್ಳಿ. ಒಳಗೆ ಬರ್ತಿರೋ ನೀರು ಅಂದ್ರೆ ನಾವು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಬಿಡುತ್ತಿರುವ ಇಂಗಾಲದ ಡೈಆಕ್ಸೈಡ್. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇದು ಸುಮಾರು 280 ಭಾಗ ಇತ್ತು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ನಿಯಮಿತವಾಗಿ ಅಳೆಯಲು ಶುರು ಮಾಡಿದಾಗ ಸುಮಾರು 315 ಇತ್ತು. ಈಗ 420 ದಾಟಿದೆ. ಈ ಮಟ್ಟ ಏರಿದ ಹಾಗೆಲ್ಲಾ ಭೂಮಿ ಬಿಸಿಯಾಗುತ್ತೆ.

ಇಲ್ಲಿ ಬಹಳ ಜನಕ್ಕೆ ಒಂದು ತಪ್ಪು ಕಲ್ಪನೆ ಇದೆ. ಹೊಗೆ ಬಿಡೋದನ್ನ ಇವತ್ತೇ ನಿಲ್ಲಿಸಿದರೂ ತಾಪಮಾನ ನೂರಾರು ವರ್ಷ ಏರುತ್ತಲೇ ಇರುತ್ತೆ, ಹಾಗಾಗಿ ಏನು ಮಾಡಿಯೂ ಪ್ರಯೋಜನ ಇಲ್ಲ ಅಂತ. ವಿಜ್ಞಾನಿಗಳ ಈಗಿನ ತಿಳಿವಳಿಕೆ ಹಾಗಿಲ್ಲ. ನಾವು ಬಿಡುವ ಇಂಗಾಲದ ಡೈಆಕ್ಸೈಡ್ ನಿವ್ವಳ ಸೊನ್ನೆಗೆ ಬಂದರೆ, ಅದರಿಂದ ಆಗುವ ತಾಪಮಾನದ ಏರಿಕೆಯೂ ಹೆಚ್ಚುಕಮ್ಮಿ ಅಲ್ಲಿಗೇ ನಿಲ್ಲುತ್ತೆ. ಕೂಡಲೇ ತಣ್ಣಗಾಗಲ್ಲ, ಆದರೆ ಮುಂದೆ ಏರೋದು ನಿಲ್ಲುತ್ತೆ. ಅಂದ್ರೆ ಮುಂದಿನ ಬಿಸಿಯ ಬಹುಪಾಲು ಇನ್ನೂ ನಮ್ಮ ಕೈಯಲ್ಲೇ ಇದೆ.

ಲೆಕ್ಕವೂ ಸರಳ. ವಿಶ್ವಸಂಸ್ಥೆಯ ಹವಾಮಾನ ಸಮಿತಿ, ಅದೇ ಐಪಿಸಿಸಿ, ಕೊಟ್ಟಿರುವ ಅಂದಾಜಿನ ಪ್ರಕಾರ ಪ್ರತಿ 1,000 ಶತಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸುಮಾರು 0.45 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತೆ. ಜಗತ್ತು ಈಗ ವರ್ಷಕ್ಕೆ ಸುಮಾರು 40 ಶತಕೋಟಿ ಟನ್ ಬಿಡ್ತಿದೆ. ಭಾಗಿಸಿ ನೋಡಿದರೆ, ಇದೇ ವೇಗದಲ್ಲಿ ಹೋದರೆ ಸುಮಾರು ಐದೂವರೆ ವರ್ಷಕ್ಕೆ ಡಿಗ್ರಿಯ ಹತ್ತನೇ ಒಂದು ಭಾಗ. ಇದರಲ್ಲಿ ಎಲ್ಲೂ "ಇಲ್ಲಿಂದಾಚೆ ಕೈಬಿಡಿ" ಅನ್ನೋ ಗೆರೆ ಇಲ್ಲ.

ಹಾಗಾದ್ರೆ 1.5 ಡಿಗ್ರಿ ಅಂತ ಅಷ್ಟೊಂದು ಹೇಳ್ತಾರಲ್ಲ? ಅದು ದೇಶಗಳು ಸೇರಿ ಒಪ್ಪಿಕೊಂಡ ಗುರಿ. 2024ನೇ ಇಸವಿ ಆ ಮಟ್ಟವನ್ನ ದಾಟಿದ ಮೊದಲ ವರ್ಷ ಅಂತ ದಾಖಲಾಯಿತು. ಒಂದು ವರ್ಷ ದಾಟಿದ ಮಾತ್ರಕ್ಕೆ ಗುರಿ ಮೀರಿತು ಅಂತ ಲೆಕ್ಕ ಹಾಕಲ್ಲ, ಹಲವು ವರ್ಷಗಳ ಸರಾಸರಿ ನೋಡ್ತಾರೆ. ಆದರೂ ಆ ಗುರಿ ಕೈತಪ್ಪುತ್ತಿದೆ ಅನ್ನೋದು ನಿಜ, ಅದನ್ನ ಮುಚ್ಚಿಡೋದು ಬೇಡ. ಆದರೆ 1.5 ತಪ್ಪಿದರೆ ಮುಂದಿನ ಗುರಿ 1.6. ಅದು ತಪ್ಪಿದರೆ 1.7.

2015ರ ಡಿಸೆಂಬರ್ 1

ಈಗ ನಮ್ಮೂರಿಗೆ ಬರೋಣ. 2015ರ ನವೆಂಬರ್ 30ರಂದು ಪ್ಯಾರಿಸ್‌ನಲ್ಲಿ ಹವಾಮಾನ ಸಮ್ಮೇಳನ ಆರಂಭವಾಯಿತು. ಮಾರನೇ ದಿನ ಚೆನ್ನೈ ಮುಳುಗಲು ಶುರುವಾಯಿತು. ಡಿಸೆಂಬರ್ 1ರಿಂದ 2ರ ಬೆಳಿಗ್ಗೆವರೆಗಿನ 24 ಗಂಟೆಗಳಲ್ಲಿ ತಾಂಬರಂನಲ್ಲಿ 49 ಸೆಂ.ಮೀ. ಮಳೆ. ಚೆಂಬರಂಬಾಕ್ಕಂ ಜಲಾಶಯದಿಂದ ಅಡ್ಯಾರ್ ನದಿಗೆ ಬಿಡುವ ನೀರು ಸಂಜೆ ಹೊತ್ತಿಗೆ 29,000 ಕ್ಯುಸೆಕ್‌ಗೆ ಏರಿತು. ವಿಮಾನ ನಿಲ್ದಾಣ ಡಿಸೆಂಬರ್ 6ರವರೆಗೆ ಮುಚ್ಚಿತ್ತು. 'ದಿ ಹಿಂದೂ' ಪತ್ರಿಕೆ 1878ರಲ್ಲಿ ಶುರುವಾದ ಮೇಲೆ ಮೊದಲ ಬಾರಿಗೆ ಮುದ್ರಣವಾಗಲಿಲ್ಲ, ಯಾಕಂದ್ರೆ ಕೆಲಸಗಾರರು ಮುದ್ರಣಾಲಯಕ್ಕೆ ತಲುಪಲೇ ಇಲ್ಲ. ಆ ಹಿಂಗಾರಿನಲ್ಲಿ ತಮಿಳುನಾಡಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಜನ ಸತ್ತರು.

ನಮ್ಮ ಅಪಾರ್ಟ್‌ಮೆಂಟ್‌ನ ನೆಲಮಹಡಿಯಲ್ಲಿ ಎದೆಮಟ್ಟ ನೀರು. ಕೆಳಗಿನ ಮನೆಯ ಅಜ್ಜಿಯನ್ನ ಕುರ್ಚಿಯಲ್ಲಿ ಕೂರಿಸಿ ಮೂರು ಜನ ಮೆಟ್ಟಿಲು ಹತ್ತಿಸಿದ್ವಿ. ಕರೆಂಟ್ ಬೋರ್ಡು, ನೀರಿನ ಪಂಪು ಎಲ್ಲಾ ನೆಲಮಟ್ಟದಲ್ಲೇ ಇದ್ದವು, ಮುಳುಗಿಹೋದವು. ನೀರು ಇಳಿದ ಮೇಲೂ ಒಂಬತ್ತು ದಿನ ಕತ್ತಲೆ.

ಇದೆಲ್ಲಾ ಹವಾಮಾನ ಬದಲಾವಣೆಯಿಂದಲೇ ಆಯ್ತಾ? ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು, ಹಾಗಾಗಿ ದೊಡ್ಡ ಮಳೆ ಇನ್ನೂ ದೊಡ್ಡದಾಗುವ ಸಾಧ್ಯತೆ ಹೆಚ್ಚು. ಇದು ಜಗತ್ತಿಗೆಲ್ಲಾ ಅನ್ವಯಿಸುವ ಮಾತು. ಆದರೆ ಚೆನ್ನೈನ ಆ ಒಂದು ಮಳೆಯನ್ನೇ ಹಿಡಿದು ಅಧ್ಯಯನ ಮಾಡಿದ ವಿಜ್ಞಾನಿಗಳ ತಂಡಕ್ಕೆ ಬಿಸಿಯಾಗುತ್ತಿರುವ ಭೂಮಿಯ ಸ್ಪಷ್ಟ ಗುರುತು ಅದರಲ್ಲಿ ಕಾಣಿಸಲಿಲ್ಲ. ಆ ವರ್ಷ ಬಲವಾದ ಎಲ್ ನಿನೋ ಇತ್ತು. ಇನ್ನು ಪ್ರವಾಹದ ಬಗ್ಗೆ ಸಿಎಜಿ ತನ್ನ ವರದಿಯಲ್ಲಿ ಬರೆದಿದ್ದು ಏನು ಗೊತ್ತಾ? ಇದು ಮನುಷ್ಯರೇ ಮಾಡಿಕೊಂಡ ವಿಪತ್ತು ಅಂತ.

ಕೆರೆ ಮತ್ತು ಏರಿ

ಕನ್ನಡದವರಿಗೆ ಇಲ್ಲಿ ಒಂದು ಮಜಾ ಇದೆ. ನಾವು ನೀರು ನಿಲ್ಲೋದಕ್ಕೆ ಕೆರೆ ಅಂತೀವಿ, ಅದರ ಕಟ್ಟೆಗೆ ಏರಿ ಅಂತೀವಿ. ತಮಿಳಿನಲ್ಲಿ ನೀರು ನಿಲ್ಲೋದೇ ಏರಿ, ದಂಡೆಗೆ ಕರೈ. ನಾನು ಹೊಸದಾಗಿ ಬಂದಾಗ ಆಟೋದವರು "ಏರಿ ಪಕ್ಕ" ಅಂದ್ರೆ ದಿಬ್ಬ ಹುಡುಕ್ತಿದ್ದೆ. ಪದ ಅದಲುಬದಲಾದರೂ ಎರಡೂ ಕಡೆ ಕಥೆ ಒಂದೇ. ಬೆಂಗಳೂರಲ್ಲಿ ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ. ಚೆನ್ನೈಯಲ್ಲಿ 1920ರ ದಶಕದಲ್ಲಿ ಉದ್ದನೆಯ ಒಂದು ಕೆರೆಯನ್ನೇ ಬರಿದು ಮಾಡಿ ಟಿ. ನಗರ ಕಟ್ಟಿದರು. ಪಶ್ಚಿಮ ಮಾಂಬಲಂನಲ್ಲಿ ಇವತ್ತಿಗೂ ಲೇಕ್ ವ್ಯೂ ರೋಡ್ ಇದೆ, ಲೇಕ್ ಇಲ್ಲ.

ವೇಳಚೇರಿಯ ನೀರು ಹೋಗಿ ಸೇರಬೇಕಾದದ್ದು ಪಕ್ಕದ ಪಳ್ಳಿಕರಣೈ ಜೌಗು ಪ್ರದೇಶಕ್ಕೆ. 1960ರ ದಶಕದಲ್ಲಿ ಅದು 5,000 ಹೆಕ್ಟೇರ್‌ಗೂ ಹೆಚ್ಚು ಇತ್ತು ಅಂತಾರೆ. ಈಗ ಉಳಿದಿರೋದು ಹತ್ತರಲ್ಲಿ ಒಂದು ಭಾಗದ ಆಸುಪಾಸು. ಮಿಕ್ಕಿದ್ದರ ಮೇಲೆ ರಸ್ತೆ, ಕಚೇರಿ, ಮನೆ, ಪೆರುಂಗುಡಿಯ ಕಸದ ಗುಡ್ಡ ಬಂದಿವೆ. ನಾನಿರುವ ಕಟ್ಟಡ ಕೂಡ ಇಂಥದ್ದೇ ತಗ್ಗಿನಲ್ಲಿದೆ. ಬೇರೆಯವರನ್ನ ಬೈದು ನಾನು ತಪ್ಪಿಸಿಕೊಳ್ಳೋ ಹಾಗಿಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಮುಗಿಲಿಂದ ಎಷ್ಟು ನೀರು ಬೀಳುತ್ತೆ ಅನ್ನೋದು ಒಂದು ಲೆಕ್ಕ. ಬಿದ್ದ ನೀರಿಗೆ ಎಷ್ಟು ಜಾಗ ಬಿಟ್ಟಿದ್ದೀವಿ ಅನ್ನೋದು ಇನ್ನೊಂದು ಲೆಕ್ಕ. ಮೊದಲನೆಯದಕ್ಕೆ ಇಡೀ ಜಗತ್ತು ಸೇರಬೇಕು. ಎರಡನೆಯದು ನಮ್ಮ ಊರಿನ ಕೈಯಲ್ಲೇ ಇದೆ. "ಹವಾಮಾನ ಕೆಟ್ಟಿದೆ, ಇನ್ನೇನು ಮಾಡಕ್ಕಾಗುತ್ತೆ" ಅಂತ ಕೈಚೆಲ್ಲಿದರೆ ಎರಡನೇ ಲೆಕ್ಕದ ಹೊಣೆಯಿಂದಲೂ ತಪ್ಪಿಸಿಕೊಂಡ ಹಾಗೆ.

ಪಳ್ಳಿಕರಣೈ ವಿಷಯದಲ್ಲಿ ಎಲ್ಲರೂ ಕೈಚೆಲ್ಲಲಿಲ್ಲ. ಸುತ್ತಮುತ್ತಲ ನಿವಾಸಿಗಳು ವರ್ಷಗಟ್ಟಲೆ ಅರ್ಜಿ, ಮೊಕದ್ದಮೆ ಅಂತ ಓಡಾಡಿದರು. 2007ರಲ್ಲಿ 317 ಹೆಕ್ಟೇರ್ ಮೀಸಲು ಅರಣ್ಯ ಅಂತ ಘೋಷಣೆ ಆಯ್ತು. 2022ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಹತ್ತರಲ್ಲಿ ಒಂಬತ್ತು ಭಾಗಕ್ಕೆ ತಡವಾಗಿತ್ತು, ಉಳಿದ ಒಂದು ಭಾಗಕ್ಕೆ ತಡವಾಗಿರಲಿಲ್ಲ. ಆ ಒಂದು ಭಾಗವೂ ಇಲ್ಲದಿದ್ದರೆ ನಮ್ಮ ಬೀದಿಯ ನೀರು ಎಲ್ಲಿಗೆ ಹೋಗ್ತಿತ್ತು?

ರೈಲಲ್ಲಿ ಬಂದ ನೀರು

ಪ್ರವಾಹದ ಊರಿಗೆ ಬರವೂ ಬರುತ್ತೆ. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರು ಕೊಡುವ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಬತ್ತಿದವು. 2015ರಲ್ಲಿ ನಮ್ಮನ್ನ ಹೆದರಿಸಿದ ಅದೇ ಚೆಂಬರಂಬಾಕ್ಕಂ! ಜುಲೈ 12ರಂದು ಜೋಲಾರಪೇಟೆಯಿಂದ 50 ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್ ನೀರು ಹೊತ್ತ ಮೊದಲ ರೈಲು ವಿಲ್ಲಿವಾಕ್ಕಂಗೆ ಬಂತು. ಬೆಂಗಳೂರು ರೈಲಲ್ಲಿ ಓಡಾಡುವ ನಮಗೆಲ್ಲಾ ಜೋಲಾರಪೇಟೆ ಅಂದ್ರೆ ಟೀ ಕುಡಿಯೋ ಜಾಗ. ಆ ವರ್ಷ ಅದು ನಮ್ಮ ಕುಡಿಯುವ ನೀರಿನ ಊರಾಯಿತು.

ಅಂದಹಾಗೆ, ಚೆನ್ನೈನ ನಲ್ಲಿಯಲ್ಲಿ ಕರ್ನಾಟಕದ ಪಾಲೂ ಇದೆ. 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಮೂರೂ ರಾಜ್ಯಗಳು ತಮ್ಮ ಕೃಷ್ಣಾ ನೀರಲ್ಲಿ ತಲಾ 5 ಟಿಎಂಸಿ ಈ ಊರಿಗೆ ಕುಡಿಯೋಕೆ ಬಿಟ್ಟುಕೊಡಲು ಒಪ್ಪಿದವು. ಕಾಲುವೆ ಮೂಲಕ ನೀರು ಬಂದಿದ್ದು 1996ರಲ್ಲಿ. ಇಪ್ಪತ್ತು ವರ್ಷ ತಡ. ತಡ ಆಯ್ತು ಅಂತ ಕಾಲುವೆ ಅರ್ಧಕ್ಕೆ ಬಿಟ್ಟಿದ್ದರೆ?

ಇದಕ್ಕಿಂತ ದೊಡ್ಡ ಪಾಠ ಮಳೆನೀರು ಕೊಯ್ಲಿನದು. ಭೌತವಿಜ್ಞಾನ ಓದಿದ ಶೇಖರ್ ರಾಘವನ್ ಅನ್ನೋರು 1990ರ ದಶಕದಲ್ಲಿ ಬೆಸೆಂಟ್ ನಗರದ ಕಡೆ ಮನೆಮನೆಗೆ ಹೋಗಿ "ಚಾವಣಿ ನೀರನ್ನ ಬೀದಿಗೆ ಬಿಡಬೇಡಿ, ಭೂಮಿಗೆ ಇಳಿಸಿ" ಅಂತ ಹೇಳ್ತಿದ್ದರು. 2003ರಲ್ಲಿ ತಮಿಳುನಾಡು ಸರ್ಕಾರ ಎಲ್ಲ ಕಟ್ಟಡಗಳಿಗೂ ಇದನ್ನ ಕಡ್ಡಾಯ ಮಾಡಿತು. ನಂತರದ ಒಳ್ಳೆ ಮಳೆಗಳಲ್ಲಿ ಊರಿನ ಅಂತರ್ಜಲ ನಿಜಕ್ಕೂ ಮೇಲೆ ಬಂತು. ಆಮೇಲೆ ಏನಾಯ್ತು? ಗುಂಡಿಗಳು ಹೂಳು ತುಂಬಿಕೊಂಡವು, ಕೆಲವು ಕಡೆ ಪೈಪು ಮಾತ್ರ ಇತ್ತು, ಕೆಳಗೆ ಗುಂಡಿಯೇ ಇರಲಿಲ್ಲ. 2019 ಬಂತು. ಅಂದ್ರೆ ಇದು ಒಮ್ಮೆ ಮಾಡಿ ಮುಗಿಸೋ ಕೆಲಸ ಅಲ್ಲ. ಪ್ರತಿ ಹಿಂಗಾರಿಗೆ ಮುಂಚೆ ಗುಂಡಿ ತೋಡಿ ಶುಚಿ ಮಾಡಬೇಕು.

ಜಗತ್ತು ಯಾವತ್ತಾದ್ರೂ ಬದಲಾಗಿದೆಯಾ?

"ಊರಿನದ್ದು ಸರಿ ಮಾವ, ಇಡೀ ಜಗತ್ತನ್ನ ಯಾರು ಬದಲಾಯಿಸ್ತಾರೆ?" ಅಂತ ನಮ್ಮ ಹುಡುಗಿ ಕೇಳ್ತಾಳೆ, ಗೊತ್ತು. ಅವಳಿಗೆ ಒಂದು ಕಥೆ ಹೇಳಬೇಕು.

ವೀರಭದ್ರನ್ ರಾಮನಾಥನ್ ಅಂತ ತಮಿಳುನಾಡಿನ ಒಬ್ಬ ಯುವ ಎಂಜಿನಿಯರ್. 1960ರ ದಶಕದಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಸಿಕಂದರಾಬಾದಿನ ಒಂದು ರೆಫ್ರಿಜರೇಟರ್ ಕಂಪನಿಗೆ ಸೇರಿದರು. ಅಲ್ಲಿ ಅವರ ಕೆಲಸ ಫ್ರಿಜ್‌ನಿಂದ ಅನಿಲ ಯಾಕೆ ಸೋರುತ್ತೆ ಅಂತ ನೋಡೋದು. ಕೆಲಸ ಬೇಸರವಾಗಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದ್ರೆ ಐಐಎಸ್‌ಸಿಗೆ ಬಂದರು, ಅಲ್ಲಿಂದ ಅಮೆರಿಕಕ್ಕೆ ಹೋದರು. 1975ರಲ್ಲಿ ಅವರು ಕಂಡುಹಿಡಿದದ್ದು ಏನು ಅಂದ್ರೆ, ಆ ಸೋರುವ ಸಿಎಫ್‌ಸಿ ಅನಿಲದ ಒಂದೊಂದು ಅಣುವೂ ಇಂಗಾಲದ ಡೈಆಕ್ಸೈಡ್‌ನ ಒಂದು ಅಣುವಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತೆ ಅಂತ.

ಅದೇ ಅನಿಲ ಓಜೋನ್ ಪದರವನ್ನೂ ತಿನ್ನುತ್ತಿತ್ತು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ರಂಧ್ರದ ಸುದ್ದಿ ಬಂತು. 1987ರಲ್ಲೇ ಮಾಂಟ್ರಿಯಲ್ ಒಪ್ಪಂದ ಆಯ್ತು, ಕೊನೆಗೆ ಜಗತ್ತಿನ ಎಲ್ಲ ದೇಶಗಳೂ ಸಹಿ ಹಾಕಿದವು. ಓಜೋನ್ ಪದರ ಈಗ ನಿಧಾನವಾಗಿ ಚೇತರಿಸಿಕೊಳ್ತಿದೆ. ಹೆಚ್ಚಿನ ಕಡೆ 2040ರ ಹೊತ್ತಿಗೆ, ಅಂಟಾರ್ಕ್ಟಿಕಾದಲ್ಲಿ 2066ರ ಸುಮಾರಿಗೆ 1980ರ ಮಟ್ಟಕ್ಕೆ ಬರಬಹುದು ಅಂತ ಅಂದಾಜು. ಸಿಎಫ್‌ಸಿ ನಿಂತಿದ್ದರಿಂದ ಭೂಮಿ ಇನ್ನಷ್ಟು ಬಿಸಿಯಾಗೋದೂ ತಪ್ಪಿತು.

ಕಲ್ಲಿದ್ದಲು ಇಷ್ಟು ಸುಲಭ ಅಲ್ಲ, ಒಪ್ಪಿದೆ. ಫ್ರಿಜ್‌ನ ಅನಿಲಕ್ಕೆ ಬದಲಿ ಬೇಗ ಸಿಕ್ಕಿತು. ಕಲ್ಲಿದ್ದಲು ನಮ್ಮ ದೀಪದಲ್ಲಿದೆ, ಸಿಮೆಂಟಲ್ಲಿದೆ, ಉಕ್ಕಲ್ಲಿದೆ. ಆದರೂ ಬದಲಿ ಬರ್ತಾ ಇದೆ. ಸೌರ ಫಲಕದ ಬೆಲೆ 2010ರ ನಂತರದ ಹತ್ತು ವರ್ಷದಲ್ಲಿ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯಿತು. ತುಮಕೂರು ಜಿಲ್ಲೆಯ ಪಾವಗಡ ಅಂದ್ರೆ ಒಂದು ಕಾಲಕ್ಕೆ ಬರ, ವಲಸೆ ಅಷ್ಟೇ. ಇವತ್ತು ಅಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಪ್ಯಾರಿಸ್ ಒಪ್ಪಂದಕ್ಕೆ ಮುಂಚೆ ಈ ಶತಮಾನದ ಕೊನೆಗೆ 4 ಡಿಗ್ರಿ ಹತ್ತಿರ ಹೋಗ್ತೀವಿ ಅನ್ನೋ ಅಂದಾಜಿತ್ತು. ಈಗಿನ ನೀತಿಗಳ ಪ್ರಕಾರ 3ರ ಆಸುಪಾಸು. 3 ಡಿಗ್ರಿ ಕೂಡ ಭಯಂಕರವೇ. ಆದರೆ 4 ಮತ್ತು 3ರ ನಡುವಿನ ಅಂತರ ತಾನಾಗಿ ಬರಲಿಲ್ಲ, ಜನ ಮಾಡಿದ್ದರಿಂದ ಬಂತು.

ನಿಜವಾಗಿ ತಡವಾದದ್ದು

ಸಮಾಧಾನಕ್ಕೆ ಸುಳ್ಳು ಹೇಳಲ್ಲ ಅಂದೆನಲ್ಲ. ಕೆಲವಕ್ಕೆ ನಿಜಕ್ಕೂ ತಡ ಆಗಿದೆ. ಸಮುದ್ರ ತಾಪಮಾನದ ಹಾಗೆ ಕೂಡಲೇ ನಿಲ್ಲಲ್ಲ. 1900ರಿಂದ ಈಚೆಗೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂ.ಮೀ. ಏರಿದೆ. ಇವತ್ತೇ ಹೊಗೆ ನಿಲ್ಲಿಸಿದರೂ ಶತಮಾನಗಳ ಕಾಲ ಅದು ಏರುತ್ತಲೇ ಇರುತ್ತೆ. ಎಷ್ಟು ವೇಗವಾಗಿ ಅನ್ನೋದು ಮಾತ್ರ ನಮ್ಮ ಕೈಯಲ್ಲಿದೆ. ಎಣ್ಣೂರು, ಕಾಸಿಮೇಡು ಕಡೆಯ ಮೀನುಗಾರರಿಗೆ ಆ ವೇಗವೇ ಎಲ್ಲ.

ಇನ್ನೊಂದು ಮಾತು. "ತಡ ಆಯ್ತು" ಅನ್ನೋಕೂ ಒಂದು ಅನುಕೂಲ ಬೇಕು. ಫ್ಲೈಓವರ್ ಮೇಲೆ ನಿಲ್ಲಿಸೋಕೆ ಕಾರು ಇರೋರು ಅದನ್ನ ಹೇಳಬಹುದು. ಅದೇ ಫ್ಲೈಓವರ್ ಕೆಳಗೆ ತಳ್ಳುಗಾಡಿಯಲ್ಲಿ ಇಡ್ಲಿ ಮಾರೋ ಅಕ್ಕ ಹೇಳೋ ಹಾಗಿಲ್ಲ. ಮೊದಲು "ಹವಾಮಾನ ಬದಲಾವಣೆ ಅನ್ನೋದೇ ಸುಳ್ಳು" ಅಂತಿದ್ದರು. ಈಗ "ನಿಜ, ಆದರೆ ತಡ ಆಯ್ತು" ಅಂತಾರೆ. ಎರಡರ ಫಲವೂ ಒಂದೇ, ಏನೂ ಮಾಡದೆ ಕೂರೋದು.

ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲೂ ಹೀಗೇ ಆಯ್ತು. 2016ರಲ್ಲಿ ಕರೆಂಟ್ ಬೋರ್ಡನ್ನ ಮೊದಲ ಮಹಡಿಗೆ ಏರಿಸೋಣ ಅಂದಾಗ ಒಬ್ಬರು "ಇಂಥ ಮಳೆ ನೂರು ವರ್ಷಕ್ಕೊಮ್ಮೆ, ಯಾಕೆ ಖರ್ಚು" ಅಂದರು. ಇನ್ನೊಬ್ಬರು "ಮುಂದಿನ ಸಲ ಬಿಲ್ಡಿಂಗೇ ಮುಳುಗುತ್ತೆ, ಯಾಕೆ ಖರ್ಚು" ಅಂದರು. ಮೂರು ವರ್ಷ ಜಗಳ ಆಡಿ, 2019ರಲ್ಲಿ ಏರಿಸಿದ್ವಿ. ಜೊತೆಗೆ ಹೂಳು ತುಂಬಿದ್ದ ಇಂಗುಗುಂಡಿ ತೆಗೆಸಿದ್ವಿ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ನೆಲಮಹಡಿಗೆ ಮತ್ತೆ ನೀರು ನುಗ್ಗಿತು. ಸೋಫಾ, ಅಕ್ಕಿ, ಮಕ್ಕಳ ಪುಸ್ತಕ ಎಲ್ಲಾ ಹೋಯ್ತು. ಆದರೆ ಬೋರ್ಡು ಒಣಗೇ ಇತ್ತು. ಬೀದಿಗೆ ಕರೆಂಟ್ ಬಂದ ಗಂಟೆಯಲ್ಲೇ ನಮಗೂ ಬಂತು, ಪಂಪು ಓಡಿತು. 2015ರ ಒಂಬತ್ತು ದಿನದ ಕತ್ತಲೆ ಈ ಸಲ ಮೂರು ದಿನಕ್ಕೆ ಮುಗಿಯಿತು. ಇದನ್ನ ಗೆಲುವು ಅಂತೀರಾ? ಪೂರ್ತಿ ಅಲ್ಲ. ಆದರೆ ಆ ಆರು ದಿನದ ಬೆಲೆ, ಆಗ ಮನೆಯಲ್ಲಿ ಆಕ್ಸಿಜನ್ ಮಷೀನ್ ಇಟ್ಟುಕೊಂಡಿದ್ದ ನಮ್ಮ ಮೂರನೇ ಮಹಡಿಯವರನ್ನ ಕೇಳಿ.

ಹಾಗಾಗಿ ಪುಟ್ಟಾ, ನಿನ್ನ ಗಾದೆಗೆ ನನ್ನ ಉತ್ತರ ಇದು. ಈ ಕೋಟೆ ಒಂದೇ ರಾತ್ರಿಗೆ ಕೊಳ್ಳೆ ಹೋಗೋದಲ್ಲ. ಇದರಲ್ಲಿ ಬಹಳ ಕೋಣೆಗಳಿವೆ, ಕೆಲವು ಲೂಟಿಯಾಗಿವೆ, ಬಹುಪಾಲು ಇನ್ನೂ ಉಳಿದಿವೆ. ಇವತ್ತು ದಿಡ್ಡಿ ಬಾಗಿಲು ಹಾಕಿದರೆ ಉಳಿಯೋದು ಎಷ್ಟು, ನಾಳೆ ಹಾಕಿದರೆ ಎಷ್ಟು, ಅಷ್ಟೇ ಲೆಕ್ಕ. ನೀನು ಏನು ಓದ್ತೀಯೋ ಅದು ನಿನ್ನಿಷ್ಟ. ಸಾಫ್ಟ್‌ವೇರ್ ಇಷ್ಟ ಅಂತ ಹೋದರೆ ಸಂತೋಷ. ತಡ ಆಯ್ತು ಅಂತ ಹೋಗೋದಾದ್ರೆ ಮಾತ್ರ ಒಂದ್ಸಲ ಯೋಚಿಸು. ನೀರು ಎಲ್ಲಿಗೆ ಹರಿಯಬೇಕು ಅಂತ ಬಲ್ಲವರು ಮುಂದಿನ ಐವತ್ತು ವರ್ಷ ಎಲ್ಲ ಊರಿಗೂ ಬೇಕಾಗ್ತಾರೆ.

ನೀವೆಲ್ಲಾ ಒಂದು ಕೆಲಸ ಮಾಡಿ. ಮುಂದಿನ ಮಳೆಗಾಲಕ್ಕೆ ಮುಂಚೆ ನಿಮ್ಮ ಮನೆ ಚಾವಣಿಯ ನೀರು ಎಲ್ಲಿಗೆ ಹೋಗುತ್ತೆ ಅಂತ ಪೈಪ್ ಹಿಡಿದು ಕೊನೆವರೆಗೂ ಹೋಗಿ ನೋಡಿ. ನಮ್ಮದು ನೋಡಿದಾಗ ಕೆಳಗೆ ಗುಂಡಿ ಇತ್ತು, ಅದರ ಮೇಲೆ ಯಾರೋ ಸ್ಕೂಟರ್ ಸ್ಟ್ಯಾಂಡ್ ಕಟ್ಟಿಬಿಟ್ಟಿದ್ದರು!